ವಾಪಸ್ ಬಂದ ಮಾತ್ರೆಗಳು

ಠಾಣೆ ನಗರದ ಆಸ್ಪತ್ರೆಯಲ್ಲಿ ನನ್ನ ಮೇಜಿನ ಮೇಲೆ ಶಾಂತಮ್ಮ ಮಾತ್ರೆಯ ಡಬ್ಬಿ ಇಟ್ಟರು. ಇನ್ನೂ ಅರ್ಧ ತುಂಬಿತ್ತು. ತುರ್ಭೆಯ ಮಾರುಕಟ್ಟೆಯಲ್ಲಿ ಹಮಾಲಿ ಮಾಡುತ್ತಿದ್ದ ಅವರ ಗಂಡನಿಗೆ ಮೇದೋಜೀರಕ ಗ್ರಂಥಿಯ ಕ್ಯಾನ್ಸರ್ ಮೈತುಂಬ ಹರಡಿತ್ತು. ನಮ್ಮಲ್ಲಿ ಹೊಸ ಔಷಧಿ ಪರೀಕ್ಷಿಸುವ ಟ್ರಯಲ್‌ಗೆ ಸೇರಿದ್ದ ಅವರು ಹಿಂದಿನ ವಾರ ತೀರಿಕೊಂಡಿದ್ದರು. ಪ್ರತಿ ಸಲ ಡಬ್ಬಿ ಕೊಟ್ಟು, ಲೆಕ್ಕಕ್ಕೆ ಬೇಕು, ಉಳಿದ ಮಾತ್ರೆ ವಾಪಸ್ ತನ್ನಿ ಎಂದು ಹೇಳುತ್ತಿದ್ದವಳು ನಾನೇ.

“ಕಡೀಕ ಅವ್ರು ನುಂಗಲೇ ಇಲ್ರೀ ಮೇಡಂ. ‘ನನಗಂತೂ ಹತ್ತಲಿಲ್ಲ, ಬ್ಯಾರೇದೋರಿಗರ ಆಗ್ಲಿ’ ಅಂತ ತೆಗೆದಿಟ್ಟಾರ. ಯಾರಿಗರ ಕೊಡ್ರಿ.”

ವಾಪಸ್ ಬಂದ ಮಾತ್ರೆಯನ್ನು ನಾವು ಯಾರಿಗೂ ಕೊಡುವುದಿಲ್ಲ, ಎಣಿಸಿ ಸುಡಲು ಕಳಿಸುತ್ತೇವೆ. ಆದರೂ ಆ ಮುಖ ನೋಡಿ “ಆಗಲಿ” ಎಂದು ಡಬ್ಬಿ ತೆಗೆದುಕೊಂಡೆ.

ಈಗ ಟ್ರಯಲ್‌ಗೆ ಹೊಸದಾಗಿ ಸೇರಿದ ರೋಗಿಗಳ ಕೈಗೆ ಡಬ್ಬಿ ಕೊಡುವಾಗ ಮೊದಲು ಹೇಳುವುದು ಇಷ್ಟೇ: “ಯಾರಿಗೂ ಉಳಿಸಬೇಡಿ. ಇದು ನಿಮಗೇ.”