ಬಾಗಿಲು ಮುಚ್ಚಿ ಮಾಡಿದ ಫೋನು

ಹೊನ್ನಾವರದ ಆ ಕುಟುಂಬಕ್ಕೆ ಎರಡು ಸರಕು ಹಡಗುಗಳಿದ್ದವು. ನಾನು ಅವರಲ್ಲಿ ಪತ್ರವ್ಯವಹಾರ ನೋಡುತ್ತಿದ್ದೆ. ಕಚೇರಿಯೆಂದರೆ ಮನೆಯ ಮುಂದಿನ ಕೋಣೆ, ಅದರ ಹೊರಗೆ ಜಗಲಿ. ಹಡಗಿನಲ್ಲಿದ್ದವರಿಗೆ ಏನಾದರೂ ಆದರೆ ಅವರ ಮನೆಯವರು ಬಂದು ಜಗಲಿಯಲ್ಲಿ ಕೂರುವುದು, ಒಡೆಯರು ಅವರೆದುರೇ ಕ್ಯಾಪ್ಟನ್‌ಗೆ ಫೋನ್ ಮಾಡುವುದು ಹಿಂದಿನಿಂದ ನಡೆದುಬಂದ ರೂಢಿ.

ಹೋದ ವರ್ಷ ಒಡೆಯರೂ ಅವರ ತಮ್ಮಂದಿರೂ ಸೇರಿ ಹಡಗು ನಡೆಸುವ ಕೆಲಸವನ್ನು ಮುಂಬೈಯ ಒಂದು ಕಂಪನಿಗೆ ವಹಿಸಿದರು. ಕೆಲಸಗಾರರು, ದುರಸ್ತಿ, ಎಲ್ಲಿ ನಿಲ್ಲಬೇಕು, ಎಲ್ಲ ಕಂಪನಿಯ ತೀರ್ಮಾನ. ಅದರಲ್ಲಿ ತಪ್ಪಿಲ್ಲ; ಇವರ ಮಕ್ಕಳಿಗೆ ಆ ಕೆಲಸ ಬರುತ್ತಿರಲಿಲ್ಲ. ಆದರೆ ಈ ವಿಷಯವನ್ನು ಹಡಗಿನವರ ಮನೆಗಳಿಗೆ ಯಾರೂ ತಿಳಿಸಲಿಲ್ಲ. ತಿಳಿಸಿದರೆ ಒಡೆಯರೆನ್ನುವ ಮರ್ಯಾದೆ ಹೋಗುತ್ತಿತ್ತು.

ಮಳೆಗಾಲ ಮುಗಿದ ಮೇಲೆ ಒಂದು ದಿನ ಹನ್ನೆರಡರ ಹೊತ್ತಿಗೆ, ಹಡಗಿನ ಅಡುಗೆಯವನ ಹೆಂಡತಿ ಹೊಳೆಯಾಚೆಯ ಕಾಸರಕೋಡಿನಿಂದ ತಮ್ಮನ ಜೊತೆ ಬಂದಳು. ಗಂಡನಿಗೆ ವಿಪರೀತ ಹೊಟ್ಟೆನೋವು, ಜ್ವರ, ಎದ್ದು ಕೂರಲಾಗುತ್ತಿಲ್ಲವೆಂದು ಹಡಗಿನಿಂದ ಯಾರೋ ಹೇಳಿದ್ದರು. ಹಡಗು ರತ್ನಾಗಿರಿಯ ಹತ್ತಿರವಿತ್ತು.

"ಕುತ್ಕೊ ತಂಗಿ, ಹೆದರೂದು ಬ್ಯಾಡ," ಎಂದು ಒಡೆಯರು ಚಹಾ ತರಿಸಿದರು. ಒಳಗೆ ನಾನಿದ್ದ ಕೋಣೆಗೆ ಬಂದು ಬಾಗಿಲು ಮುಚ್ಚಿ ಮುಂಬೈಯ ಕಂಪನಿಗೆ ಫೋನ್ ಮಾಡಿದರು. ಡಾಕ್ಟರನ್ನು ಕೇಳಿದ್ದೇವೆ, ಮಾತ್ರೆ ಕೊಟ್ಟಿದ್ದಾರೆ, ಹಡಗು ನಿಲ್ಲಿಸುವುದಿಲ್ಲ, ನಾಳೆ ನೋಡೋಣ ಎಂದಿತು ನನಗೂ ಕೇಳುತ್ತಿದ್ದ ಆಚೆಯ ದನಿ. ಒಡೆಯರು "ಸರಿ ಸರ್" ಎಂದರು.

ಹೊರಗೆ ಹೋಗಿ ಆಕೆಗೆ ಹೇಳಿದರು: "ಆತು. ಹಡಗು ತಿರುಗ್ಸೂಕೆ ಹೇಳಿದೆ."

ಅವರು ಊಟಕ್ಕೆ ಒಳಗೆ ಹೋದರು. ಜಗಲಿಯ ಮಾತು ನನಗೆ ಕೇಳುತ್ತಿತ್ತು.

"ಮೊದ್ಲೆಲ್ಲ ನಮ್ಮೆದ್ರೇ ಮಾತಾಡ್ತಿದ್ರು. ಇವತ್ ಎಂತಕ್ಕೆ ಬಾಗ್ಲು ಹಾಕ್ಕಂಡ್ರು?"

"ದೊಡ್ಡೋರಲ್ವನೇ ಅಕ್ಕ, ನಮ್ಮ ಗಾಳಿ ತಾಗಬಾರ್ದು," ಎಂದ ತಮ್ಮ.

ನಾನು ಎದ್ದು ಹೋಗಿ ಹೇಳಿದೆ: ಹಡಗು ತಿರುಗಿಲ್ಲ, ಅದನ್ನು ತಿರುಗಿಸುವ ಅಧಿಕಾರ ಈಗ ಈ ಮನೆಯಲ್ಲಿಲ್ಲ. ಆಕೆ ಚಹಾದ ಲೋಟ ಕೆಳಗಿಟ್ಟಳು. ಅವಳ ತಮ್ಮ ಮೀನುಬೋಟಿನವನು; ಕಡಲಿನ ತುರ್ತಿಗೆ ಯಾರನ್ನು ಕರೆಯಬೇಕೆಂದು ಅವನಿಗೆ ಗೊತ್ತಿತ್ತು. ಅಲ್ಲಿಂದಲೇ ಕರಾವಳಿ ಕಾವಲು ಪಡೆಗೆ ಫೋನ್ ಮಾಡಿದ. ಸಂಜೆಯೊಳಗೆ ಅವರು ರೋಗಿಯನ್ನು ಹಡಗಿನಿಂದ ಇಳಿಸಿ ಆಸ್ಪತ್ರೆಗೆ ಸೇರಿಸಿದರು. ಅಪೆಂಡಿಕ್ಸ್ ಒಡೆದುಹೋಗಿತ್ತು. ನಾಳೆಯವರೆಗೆ ಕಾದಿದ್ದರೆ ಉಳಿಯುತ್ತಿರಲಿಲ್ಲವೆಂದು ಅಲ್ಲಿಯ ಡಾಕ್ಟರು ಹೇಳಿದರಂತೆ.

ಮರುದಿನ ಒಡೆಯರು ನನ್ನನ್ನು ನಿಲ್ಲಿಸಿ ಕೇಳಿದರು. "ಹೇಳೂಕೆ ನಿಂಗೆಂತ ಅಧಿಕಾರ ಇತ್ತು? ಮನೆ ಮರ್ಯಾದೆ ಬೀದಿಗೆ ಹಾಕ್ದೆ."

ಕಂಪನಿಯ ಮೇಲೆ ನನಗೆ ಸಿಟ್ಟಿತ್ತು. ಆದರೆ ಅದು ಕನಿಷ್ಠ ಇಲ್ಲವೆಂದಾದರೂ ಹೇಳಿತ್ತು. ಇವರು ಹೌದೆಂದು ಹೇಳಿ ಊಟಕ್ಕೆ ಕೂತಿದ್ದರು. ಅಡುಗೆಯವನು ಹೇಗಿದ್ದಾನೆಂದು ಕೇಳುತ್ತಾರೇನೋ ಎಂದು ಕಾದೆ. ಕೇಳಲಿಲ್ಲ.