ಮಹಾನಂದಾಳ ಬಲಗೈ

ನಮ್ಮ ಟಿಕೋಟಾ–ವಿಜಯಪುರ ರಸ್ತೆಯ ಮೇಲೆ ಇಂಡಿಕೇಟರ್ ಎಂಬುದು ಲಗ್ನದ ಮನೆಯ ಸೀರಿಯಲ್ ಲೈಟಿದ್ದಂತೆ. ಇದ್ದರೆ ಚಂದ, ಇಲ್ಲದಿದ್ದರೆ ಲಗ್ನವೇನೂ ನಿಲ್ಲುವುದಿಲ್ಲ. ಎಲ್ಲಿ ಹೊರಳಬೇಕೆಂಬುದು ಗಾಡಿ ಹೊಡೆಯುವವನ ಮನಸ್ಸಿನಲ್ಲಿರುತ್ತದೆ, ಹಿಂದೆ ಬರುವವನು ಕನಸು ಕಂಡು ತಿಳಿದುಕೊಳ್ಳಬೇಕು. ಟ್ರ್ಯಾಕ್ಟರಿನವನೂ ಅಷ್ಟೇ, ಕಾರಿನವನೂ ಅಷ್ಟೇ. ಈ ರಸ್ತೆಯ ಮೇಲೆ ಟಂಟಂ ಆಟೊ ಓಡಿಸುತ್ತಲೇ ನನ್ನ ಗಡ್ಡ ಬೆಳ್ಳಗಾಯಿತು, ಇವರನ್ನು ಬೈದು ಬೈದು ಗಂಟಲೂ ಹೋಯಿತು. ಎಲ್ಲ ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ.

ನಾನು ಎಲ್ಲರಿಗಿಂತ ಹೆಚ್ಚು ಬೈದದ್ದು ನಮ್ಮ ಓಣಿಯ ಸಂಗಣ್ಣನನ್ನು. ಅವನ ಹೆಂಡತಿ ಮಹಾನಂದಾ ಖಡಕ್ ರೊಟ್ಟಿ ಬಡಿಯುವವಳು. ದಿನಾ ಬೆಳಿಗ್ಗೆ ಇಬ್ಬರೂ ಬೈಕಿನ ಮೇಲೆ ವಿಜಯಪುರಕ್ಕೆ ಹೋಗಿ ಖಾನಾವಳಿಗಳಿಗೆ ರೊಟ್ಟಿ ಕೊಟ್ಟು ಬರುತ್ತಿದ್ದರು. ರೊಟ್ಟಿಯ ಗಂಟು ಮುಂದೆ ಟ್ಯಾಂಕಿನ ಮೇಲೆ, ಮಹಾನಂದಾ ಹಿಂದೆ ಒಂದೇ ಬದಿಗೆ ಕಾಲು ಇಳಿಬಿಟ್ಟು. ಸಂಗಣ್ಣ ಇಂಡಿಕೇಟರ್ ಹಾಕಿದ್ದನ್ನು ನಾನಂತೂ ಕಂಡಿಲ್ಲ. ಬಲಕ್ಕೆ ಹೊರಳುವುದಿದ್ದರೆ ಮಹಾನಂದಾ ಗಂಡನ ಬೆನ್ನ ಹಿಂದಿನಿಂದ ಬಲಗೈ ಚಾಚುತ್ತಿದ್ದಳು. ಮೊಣಕೈವರೆಗೂ ಹಸಿರು ಬಳೆ. ಆ ಕೈ ಕಂಡರೆ ಈ ರಸ್ತೆಯ ಲಾರಿಗಳೂ ಸಾವಕಾಶ ಆಗುತ್ತಿದ್ದವು.

‘ಲೇ ಸಂಗಣ್ಣಾ, ಹೊಳ್ಳೂಮುಂದ ಇಂಡಿಕೇಟರ್ ಹಾಕಲೇ ಮಾರಾಯಾ’ ಎಂದರೆ ನಗುತ್ತಿದ್ದ.

‘ನನ್ನ ಇಂಡಿಕೇಟರ್ ಹಿಂದ ಕುಂತೈತಿ ನೋಡು, ದಾದಾಸಾಬ. ಬ್ಯಾಟರಿ ಬ್ಯಾಡ, ಬಲ್ಬ್ ಬ್ಯಾಡ. ಎರಡು ರೊಟ್ಟಿ ಹಾಕಿದ್ರ ಆತು.’

‘ರೊಟ್ಟಿ ಹಾಕಾವ್ರು ನೀವೇನ್ರಿ?’ ಎಂದು ಅವಳು ಹಿಂದಿನಿಂದ ಬೆನ್ನಿಗೊಂದು ಕೊಡುತ್ತಿದ್ದಳು.

ಹೊರಳುವಾಗ ಅವನು ಹಿಂದೆ ನೋಡುತ್ತಿರಲಿಲ್ಲ, ಕೈ ಚಾಚಿದಿಯಾ ಎಂದು ಕೇಳುತ್ತಲೂ ಇರಲಿಲ್ಲ. ಅವಳೂ ಒಮ್ಮೆಯೂ ತಪ್ಪಿಸಿರಲಿಲ್ಲ.

ಹೋದ ವರ್ಷ ಅವರ ಒಬ್ಬಳೇ ಮಗಳು ಬೋರವ್ವ ಚೊಚ್ಚಲ ಬಸುರಿ. ಬೀಗರ ತೋಟದ ವಸ್ತಿ ಇದೇ ರಸ್ತೆಯ ಬಲಗಡೆ, ಸ್ವಲ್ಪ ಒಳಗೆ. ಏಳು ತಿಂಗಳಿಗೆ ತವರಿನವರು ಸೀರೆ, ಬಳೆ, ಸಿಹಿ ಅಡುಗೆಯ ಬುತ್ತಿ ಒಯ್ದು ಕುಬಸ ಮಾಡಬೇಕಲ್ಲ, ಹೊರಟರು. ಓಣಿಯ ಹೆಣ್ಣುಮಕ್ಕಳೆಲ್ಲ ನನ್ನ ಟಂಟಂನಲ್ಲಿ ತುಂಬಿಕೊಂಡರು. ‘ನೀನೂ ಇದರಾಗ ಬಾರವ್ವಾ’ ಎಂದು ಮಹಾನಂದಾಳಿಗೆ ಹೇಳಿದೆ.

‘ಮಗಳ ಬಾಗಿಲಿಗೆ ಜೋಡಿಲೇ ಹೋಗ್ತೀವ್ರಿ ಅಣ್ಣಾ’ ಎಂದಳು.

ಬುತ್ತಿಯನ್ನು ಟ್ಯಾಂಕಿನ ಮೇಲೆ ಇಡು ಎಂದ ಸಂಗಣ್ಣ. ಅವಳು ಒಪ್ಪಲಿಲ್ಲ. ಕುಬಸದ ಬುತ್ತಿ ತಾಯಿಯ ಮಡಿಲಲ್ಲೇ ಹೋಗಬೇಕು, ಎರಡೂ ಕೈಯಿಂದ ಹಿಡಿಯಬೇಕು, ನಡುವೆ ಎಲ್ಲೂ ಕೈ ಬಿಡಬಾರದು ಎಂಬುದು ಅವಳ ಅತ್ತೆಯ ಕಾಲದ ಮಾತು. ಬಿಳಿ ಬಟ್ಟೆ ಕಟ್ಟಿದ ಬುಟ್ಟಿಯನ್ನು ಮಡಿಲಲ್ಲಿಟ್ಟುಕೊಂಡು ಎರಡೂ ಕೈಯಿಂದ ತಬ್ಬಿ ಕೂತಳು. ಇಬ್ಬರೂ ನಮಗಿಂತ ಮುಂದೆ ಹೋದರು.

ನಾವು ಹೋಗುವಷ್ಟರಲ್ಲಿ ತೋಟದ ದಾರಿಯ ಬಾಯಲ್ಲಿ ಜನ ನೆರೆದಿದ್ದರು. ಒಂದು ಟೆಂಪೊ ಅಡ್ಡ ನಿಂತಿತ್ತು. ಸಂಗಣ್ಣ ಡಾಂಬರಿನ ಮೇಲೆ ಬಿದ್ದಿದ್ದ, ಜೀವ ಇರಲಿಲ್ಲ. ಮಹಾನಂದಾ ಬದಿಯ ಮಣ್ಣಿನಲ್ಲಿ ಕೂತಿದ್ದಳು, ಹಣೆ ಒಡೆದಿತ್ತು. ಬುತ್ತಿ ಇನ್ನೂ ಅವಳ ತೋಳಿನಲ್ಲಿತ್ತು. ಬಟ್ಟೆಯ ಗಂಟು ಸಹ ಬಿಚ್ಚಿರಲಿಲ್ಲ. ಬಿಡಿಸಿಕೊಳ್ಳಲು ಹೋದರೆ ಕೊಡಲಿಲ್ಲ.

ಹೆಂಡತಿಯ ಕೈ ಯಾವಾಗಿನಂತೆ ಹೊರಗಿದೆ ಎಂದು ಸಂಗಣ್ಣ ಹೊರಳಿಸಿದ್ದ. ನನ್ನ ಕೈ ಖಾಲಿ ಇಲ್ಲವೆಂಬುದು ಅವರಿಗೇ ಗೊತ್ತು, ಹಿಂದೆ ನೋಡಿಯೇ ಹೊರಳಿಸುತ್ತಾರೆ ಎಂದು ಅವಳು ತಿಳಿದಿದ್ದಳು. ಇಷ್ಟೇ ನಡೆದದ್ದು.

ಅಂದಿನಿಂದ ಅವಳು ಬಲಗೈಯನ್ನು ಸೆರಗಿನಿಂದ ಹೊರಗೆ ತೆಗೆಯುವುದು ಬಿಟ್ಟಳು. ರೊಟ್ಟಿ ಬಡಿಯುವುದು ನಿಂತಿತು. ಬಾಣಂತನಕ್ಕೆ ಬೋರವ್ವ ತವರಿಗೆ ಬಂದಳು, ಗಂಡು ಕೂಸು ಹುಟ್ಟಿತು. ಮಹಾನಂದಾ ಕೂಸನ್ನು ಮುಟ್ಟಲಿಲ್ಲ. ‘ಈ ಕೈಲೆ ನಾ ಮುಟ್ಟಾಂಗಿಲ್ಲ’ ಎನ್ನುತ್ತಿದ್ದಳು. ನನ್ನ ಹೆಂಡತಿ ಮುಮತಾಜ ದಿನಾ ಹೋಗಿ ಕೂಸಿಗೆ ನೀರೆರೆದು ಬರುತ್ತಿದ್ದಳು. ಬಂದವರನ್ನೆಲ್ಲ ಮಹಾನಂದಾ ಕೇಳುತ್ತಿದ್ದುದು ಒಂದೇ ಮಾತು: ‘ಕೈ ಚಾಚಿದ್ರ ಟೆಂಪೊ ನಿಲ್ಲತಿತ್ತೇನ್ರಿ?’

‘ಕಾಕಾ, ನೀವರ ಏನರ ಮಾಡ್ರಿ. ಅವ್ವ ಹಿಂಗ ಇದ್ರ ಉಳಿಯೂದಿಲ್ಲ’ ಎಂದು ಬೋರವ್ವ ನನ್ನ ಮುಂದೆ ಅತ್ತಳು.

ನಾನು ಆ ಟೆಂಪೊ ಹೊಡೆಯುತ್ತಿದ್ದ ಫಯಾಜನನ್ನು ಹುಡುಕಿಕೊಂಡು ಬಬಲೇಶ್ವರಕ್ಕೆ ಹೋದೆ. ನಾಲ್ಕು ಬಾರಿಸಿ ಬರಬೇಕೆಂಬಷ್ಟು ಸಿಟ್ಟಿತ್ತು. ಅವನನ್ನು ನೋಡಿದ ಮೇಲೆ ಕೈ ಏಳಲಿಲ್ಲ, ಹುಡುಗ ಅರ್ಧ ಆಗಿದ್ದ.

‘ಕಾಕಾ, ಸಂಗಣ್ಣ ಕಾಕಾನ ಗಾಡಿ ನನಗ ಗುರ್ತು’ ಎಂದ. ‘ಹೊಳ್ಳೂದಿದ್ರ ಕೈ ಬರತೈತಿ. ಕೈ ಬರಲಿಲ್ಲ. ಸೀದಾ ಹೊಂಟಾರ ಅಂತ ಬಾಜೂಕಿಂದ ಮುಂದ ಹೋದೆ. ಕೈ ಕಂಡಿದ್ರ ಅಲ್ಲಾನ ಆಣಿ, ನಿಂದ್ರಸ್ತಿದ್ದೆ.’

ಇದನ್ನು ಆ ಹೆಣ್ಣುಮಗಳಿಗೆ ಯಾವ ಬಾಯಿಂದ ಹೇಳುವುದು? ನಾನೇ ಅವನಿಗೆ ಸುಳ್ಳು ಕಲಿಸಿದೆ. ‘ಫೋನ್ ನೋಡಾಕತ್ತಿದ್ದೆ ಅನ್ನು. ಕೈ ಚಾಚಿದ್ರೂ ಕಾಣತಿರಲಿಲ್ಲ ಅನ್ನು.’

‘ಕೇಸ್ ನಡದೈತಿ, ಕಾಕಾ. ಈ ಮಾತು ಹೊರಗ ಬಿದ್ರ ನಾ ಒಳಗ ಹೋಗ್ತೀನಿ’ ಎಂದ. ಆಮೇಲೆ ಅವನೇ ‘ನಡೀರಿ’ ಎಂದು ಎದ್ದ.

ಮಹಾನಂದಾ ಪಡಸಾಲೆಯಲ್ಲಿ ಕಂಬಕ್ಕೆ ಒರಗಿ ಕೂತಿದ್ದಳು. ಫಯಾಜ ಹೊಸ್ತಿಲ ಹತ್ತಿರವೇ ಕುಕ್ಕರಿಸಿದ. ಕಲಿಸಿದ್ದಷ್ಟನ್ನೂ ಹೇಳಿದ. ‘ನಿಮ್ಮ ಕೈದು ತಪ್ಪಿಲ್ರಿ ಕಾಕೂ. ನನ್ನ ಕಣ್ಣು ಫೋನಿನಾಗಿತ್ತು. ನೀವು ಎರಡೂ ಕೈ ಚಾಚಿದ್ರೂ ನನಗ ಕಾಣತಿರಲಿಲ್ಲ.’

ಮಹಾನಂದಾ ಅವನನ್ನೇ ನೋಡಿದಳು. ಬೋರವ್ವ ಕೂಸನ್ನು ಎತ್ತಿಕೊಂಡು ತಾಯಿಯ ಮುಂದೆ ಬಂದು ಕೂತಳು.

‘ಕೇಳಿದೇನ್ ಬೇ? ನಿನ್ನ ತಪ್ಪಿಲ್ಲ. ಈಗರ ಕೂಸಿನ್ನ ತಗೋ ಬೇ.’

ಸೆರಗಿನೊಳಗಿನ ಕೈ ಸರಿದಾಡಿತು. ಬಳೆ ಇಲ್ಲದ ಮಣಿಕಟ್ಟು ಹೊರಗೆ ಬಂತು, ಬೆರಳು ಕೂಸಿನ ತಲೆಯ ಹತ್ತಿರದವರೆಗೆ ಹೋದವು. ನಾನು ಮನಸ್ಸಿನಲ್ಲೇ ಅಲ್ಲಾನಿಗೆ ಶುಕ್ರ್ ಎಂದೆ. ಅಲ್ಲೇ ಕೈ ನಿಂತಿತು.

‘ಫಯಾಜ, ಫೋನ್ ನೋಡಾಕತ್ತಿದ್ರ ಹಾರ್ನ್ ಯಾಕ ಹೊಡದ್ಯೋ ಯಪ್ಪಾ?’

ಫಯಾಜನ ಕಣ್ಣು ನನ್ನ ಕಡೆ ಹೊರಳಿತು.

‘ಹಾರ್ನ್ ನಾ ಕೇಳೀನಿ. ಅವರೂ ಕೇಳ್ಯಾರ. ಹಿಂದ ಗಾಡಿ ಐತಿ ಅಂತ ಗೊತ್ತಿದ್ದೇ ಹೊಳ್ಳಿಸಿದ್ರು. ನನ್ನ ಕೈ ಹೊರಗೈತಿ, ಅಂವ ನಿಲ್ಲತಾನ ಅಂತ ಹೊಳ್ಳಿಸಿದ್ರು.’ ಅವಳ ದನಿ ಸ್ವಲ್ಪವೂ ಏರಲಿಲ್ಲ. ‘ನೀ ಚಲೋ ಹುಡುಗ ಅದಿ. ಇಲ್ಲದ್ದನ್ನ ಮೈಮ್ಯಾಲ ಹಾಕ್ಕೋಬ್ಯಾಡ. ಮನಿಗಿ ಹೋಗು.’

ಫಯಾಜ ಹೊಸ್ತಿಲಿಗೆ ಹಣೆ ಹಚ್ಚಿ ಅಳತೊಡಗಿದ. ನನಗೂ ತಡೆಯಲಾಗಲಿಲ್ಲ. ಮಹಾನಂದಾ ಮಾತ್ರ ಅಳಲಿಲ್ಲ, ಕೈಯನ್ನು ಮತ್ತೆ ಸೆರಗಿನೊಳಗೆ ಎಳೆದುಕೊಂಡಳು.

‘ಗಾಳಿ ಬಿಟ್ಟೈತಿ, ಕೂಸಿನ್ನ ಒಳಗ ಒಯ್ಯಿ’ ಎಂದು ಮಗಳಿಗೆ ಹೇಳಿದಳು. ಬೋರವ್ವ ಕೂಸನ್ನು ಎತ್ತಿಕೊಂಡು ಒಳಗೆ ಹೋದಳು.