ದೊಡ್ಡವ್ವನ ಕಾಲ್ಗಡಗ

ನಮ್ಮ ದೊಡ್ಡವ್ವ ಅಂಬವ್ವ ಕಾಚಿಗೂಡದಲ್ಲಿ ಖಾನಾವಳಿ ನಡೆಸುತ್ತಾಳೆ. ರಾಯಚೂರು ಕಡೆಯ ಹಳ್ಳಿಯೊಂದರ ಬಾವಿಯಲ್ಲಿ ಈಜು ಕಲಿತವಳು. ಸಮುದ್ರವನ್ನು ಮಾತ್ರ ನೋಡಿಲ್ಲ. ಅವಳಲ್ಲಿ ದಿನಾ ಊಟ ಮಾಡುವ ಕಾರವಾರದ ನಚಿಕೇತ ಸಿಕಂದರಾಬಾದಿನ ಈಜುಕೊಳವೊಂದರಲ್ಲಿ ಸ್ಕೂಬಾ, ಅಂದರೆ ಬೆನ್ನಿಗೆ ಗಾಳಿಯ ಸಿಲಿಂಡರು ಕಟ್ಟಿಕೊಂಡು ನೀರಿನಡಿ ಈಜುವುದನ್ನು, ಕಲಿಸುತ್ತಾನೆ. ಒಮ್ಮೆ ಅವನು ಫೋನಿನಲ್ಲಿ ಸಮುದ್ರದ ತಳದ ಮೀನುಗಳನ್ನು ತೋರಿಸಿದ. ದೊಡ್ಡವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿಬಿಟ್ಟಳು.

“ನನ್ನಂಥಾಕಿಗೆ ಕಲಿಸ್ತೀಯೇನಪಾ?”

“ಈಜು ಬರುತ್ತಲ್ಲ ಅಮ್ಮ, ಬನ್ನಿ.”

ಅವನು ತಮಾಷೆಗೆ ಅಂದನೋ ಏನೋ, ಇವಳು ಡಾಕ್ಟರ ಒಪ್ಪಿಗೆ ಪಡೆದು ಭಾನುವಾರ ಹೊರಟೇಬಿಟ್ಟಳು. ಜೊತೆಗೆ ನಾನು.

ನೀರಿನಡಿ ಉಸಿರಾಡುವುದು ಅವಳಿಗೆ ಬೇಗ ಬಂತು. ಕಾಲುಗಳದೇ ತೊಂದರೆ. ಉಳಿದವರು ಚಾಪೆಯಂತೆ ಅಡ್ಡಲಾಗಿ ತೇಲಿದರೆ ದೊಡ್ಡವ್ವ ಬಸ್ಸಿಗೆ ಕಾಯುವವಳಂತೆ ನೆಟ್ಟಗೆ ನಿಲ್ಲುತ್ತಿದ್ದಳು. ಕಾಲಿಗೆ ಹಾಕಿದ ರಬ್ಬರಿನ ಫಿನ್ನುಗಳು ನೆಲಕ್ಕೆ ಉಜ್ಜುತ್ತಿದ್ದವು. ತೇಲಲು ತೊಡಿಸಿದ ಜಾಕೆಟ್ಟಿಗೆ ಗಾಳಿ ತುಂಬಿದರೆ ಎದೆ ಮೇಲೇಳುತ್ತಿತ್ತು, ಕಾಲು ಇನ್ನೂ ಇಳಿಯುತ್ತಿತ್ತು.

“ಸಮುದ್ರದಲ್ಲಿ ಹವಳ ಇರುತ್ತೆ ಅಮ್ಮ, ಕಾಲು ತಾಗಿದರೆ ಮುರಿಯುತ್ತೆ” ಎಂದ ನಚಿಕೇತ. “ಬರುವ ಭಾನುವಾರವೂ ಹೀಗೇ ಆದರೆ ಕಲಿತವರನ್ನ ಮುರ್ಡೇಶ್ವರದ ಸಮುದ್ರಕ್ಕೆ ಇಳಿಸುವಾಗ ನಿಮ್ಮನ್ನ ಕರಕೊಂಡು ಹೋಗೋಕಾಗಲ್ಲ.”

ದೊಡ್ಡವ್ವ ಮುರ್ಡೇಶ್ವರದ ಸುದ್ದಿಯನ್ನು ಖಾನಾವಳಿಯ ಎಲ್ಲರಿಗೂ ಹೇಳಿಕೊಂಡಿದ್ದಳು. ನಾಂಪಲ್ಲಿಯ ಕಚೇರಿಯೊಂದರ ಗುಮಾಸ್ತ ವೈಜನಾಥ ಊಟಕ್ಕೆ ಕುಳಿತವನೇ ಶುರುಮಾಡಿದ.

“ಅಂಬವ್ವಾರ, ಯಾವಾಗ ಬರ್ತೀರಿ ಅಂತ ಮೀನಗೋಳು ಕೇಳಾಕತ್ತಾವ್ರಿ.”

“ನಿಮ್ಮ ತಾಟಿನ್ಯಾಗಿನ ಮೆಣಸಿನಕಾಯಿನೂ ಕೇಳಾಕತ್ತೈತಿ, ಯಾವಾಗ ಬಾಯಿ ಮುಚ್ಚತೀರಿ ಅಂತ.”

ಎಲ್ಲರೂ ನಕ್ಕರು. ಆದರೆ ಆ ದಿನ ದೊಡ್ಡವ್ವ ಸಾರಿಗೆ ಎರಡು ಸಲ ಉಪ್ಪು ಹಾಕಿದಳು. ಊಟದ ಗದ್ದಲ ಮುಗಿದ ಮೇಲೆ ನನ್ನನ್ನು ಕರೆದಳು.

“ನಡಿ, ಬೆಳ್ಳಿ ಪತ್ತಾರನ ಅಂಗಡಿಗೆ ಹೋಗೂಣು. ಕಡಗ ಕತ್ತರಿಸಬೇಕು.”

ಅವಳ ಕಾಲಲ್ಲಿ ದಪ್ಪ ಬೆಳ್ಳಿಯ ಕಡಗಗಳಿವೆ. ಹರೆಯದಲ್ಲಿ ಅವಳ ಅವ್ವ ಹಾಕಿಸಿದ್ದು. ಈಗ ಪಾದ ದಾಟಿ ಹೊರಬರುವುದಿಲ್ಲ. ಕೊಳದಲ್ಲಿ ಯಾರಾದರೂ ನಕ್ಕಾರೆಂದು ಅವುಗಳನ್ನು ಕಾಲುಚೀಲದೊಳಗೆ ಮುಚ್ಚಿ, ಮೇಲೆ ರಬ್ಬರಿನ ಉಡುಪು ಎಳೆದುಕೊಳ್ಳುತ್ತಿದ್ದಳು.

ಕೈ ತೊಳೆಯುತ್ತಿದ್ದ ನಚಿಕೇತ ತಿರುಗಿದ. “ಯಾವ ಕಡಗ?”

ದೊಡ್ಡವ್ವ ಸೀರೆಯನ್ನು ನಾಲ್ಕು ಬೆರಳು ಮೇಲೆತ್ತಿದಳು. ಅವನು ಕುಕ್ಕರಗಾಲಲ್ಲಿ ಕುಳಿತು ನೋಡಿದ.

“ಇಷ್ಟು ಭಾರಾನಾ! ನಾನು ನಿಮ್ಮ ನಡುವಿಗೆ ಸೀಸ ಕಟ್ಟಿ ಮುಳುಗಿಸ್ತಿದ್ದೆ, ನೀವು ಮೊದಲೇ ಕಾಲಿಗೆ ಕಟ್ಕೊಂಡು ಬಂದಿದ್ದೀರಿ.”

“ಬೈತೀ ಅಂತ ಹೇಳ್ಲಿಲ್ಲಪಾ.”

“ಬೈತೀನಿ. ಆದ್ರೆ ಕತ್ತರಿಸಬೇಡಿ. ನೀರಿಗೆ ಬೆಳ್ಳಿನೂ ಭಾರವೇ, ಸೀಸಾನೂ ಭಾರವೇ. ಲೆಕ್ಕಕ್ಕೆ ತಗೊಂಡ್ರೆ ಸಾಕು.”

ಭಾನುವಾರ ಅವನು ಮಾಡಿದ್ದನ್ನು ನೋಡಿ, ತಿಳಿಯದ್ದನ್ನು ಅವನಿಂದಲೇ ಕೇಳಿ ಬರೆಯುತ್ತಿದ್ದೇನೆ. ಮೊದಲು ನಡುಪಟ್ಟಿಯಿಂದ ಸೀಸದ ತುಂಡೊಂದನ್ನು ತೆಗೆದ. ತೂಕ ಸರಿಯಿದ್ದರೆ, ಜಾಕೆಟ್ಟಿನ ಗಾಳಿ ಬಿಟ್ಟು, ಸಾಧಾರಣ ಉಸಿರು ಹಿಡಿದು ಅಲ್ಲಾಡದೆ ನೆಟ್ಟಗೆ ತೇಲಿದಾಗ ನೀರು ಕಣ್ಣಿನ ಮಟ್ಟಕ್ಕೆ ಬರಬೇಕು. ಬಂತು. ಸೀಸ ಕಡಿಮೆಯಾದ್ದರಿಂದ ಜಾಕೆಟ್ಟಿಗೆ ಅಷ್ಟೊಂದು ಗಾಳಿಯೂ ಬೇಡವಾಯಿತು. ಕಾಲಿನ ಭಾರವನ್ನು ಸರಿದೂಗಿಸಲು ಉಳಿದ ಸೀಸದಲ್ಲಿ ಸ್ವಲ್ಪವನ್ನು ನಡುವಿನಿಂದ ಬಿಚ್ಚಿ ಬೆನ್ನಿನ ಸಿಲಿಂಡರಿನ ಕುತ್ತಿಗೆಗೆ ಕಟ್ಟಿದ. ಸಿಲಿಂಡರನ್ನೂ ತುಸು ಮೇಲಕ್ಕೆ ಸರಿಸಿದ. ಫಿನ್ನುಗಳನ್ನು ಬದಲಿಸಿ ಹಗುರವಾದವನ್ನು ಕೊಟ್ಟ.

ದೊಡ್ಡವ್ವ ಮುಳುಗಿದಳು. ಕಾಲು ಕೆಳಗಿಳಿಯತೊಡಗಿತು. ನಾನು ಕೊಳದ ಅಂಚಿಗೆ ಬಗ್ಗಿದೆ. ಅವಳು ಕೈಗಳನ್ನು ಮುಂದೆ ಚಾಚಿ ಮೊಣಕಾಲು ಮಡಿಸಿದಳು. ಕಾಲು ನಿಧಾನವಾಗಿ ಮೇಲೆ ಬಂದು ಬೆನ್ನಿನ ಸಮಕ್ಕೆ ನಿಂತಿತು. ಉಸಿರೆಳೆದರೆ ಮೈಯೆಲ್ಲ ತುಸು ಏರುತ್ತಿತ್ತು, ಬಿಟ್ಟರೆ ತುಸು ಇಳಿಯುತ್ತಿತ್ತು. ನಚಿಕೇತ ಅವಳಿಗೂ ನೆಲಕ್ಕೂ ನಡುವೆ ತೋಳು ಚಾಚಿದ. ಎಲ್ಲೂ ತಾಗಲಿಲ್ಲ.

ಮೇಲೆ ಬಂದವಳೇ ಬಾಯಿಯ ನಳಿಗೆ ತೆಗೆದು ನನ್ನತ್ತ ಕೂಗಿದಳು. “ವೈಜನಾಥಗ ಫೋನ್ ಹಚ್ಚ! ಬರಾಕತ್ತೀನಿ ಅಂತ ಮೀನಗೋಳಿಗೆ ಹೇಳಾಕ ಹೇಳು!”

“ಆಮೇಲೆ ಫೋನು. ಇನ್ನೊಮ್ಮೆ ಮಾಡಿ ತೋರಿಸಿ” ಎಂದ ನಚಿಕೇತ.

“ನೋಡ್ಕೋ” ಎಂದು ದೊಡ್ಡವ್ವ ನಳಿಗೆ ಕಚ್ಚಿಕೊಂಡಳು.